ಹೊಲಿಗೆ ಕಾಣದ ಅಂಗಿ

ಬಿನ್ನಿ ಕಂಪನಿ ರಸ್ತೆಯ ತಿರುವಿನಲ್ಲಿ
ಮಂಡಕ್ಕಿ ಅಂಗಡಿಗೂ ಸೈಕಲ್ ಶಾಪಿಗೂ ನಡುವೆ
ಒಂದೂವರೆ ಮಿಷನ್ನಿನ ನನ್ನ ಅಂಗಡಿ.
ಅರ್ಧ ಅಂದರೆ ನೂರುಲ್ಲಾನದು;
ಪೆಡಲ್ ಐತಿ, ಬೆಲ್ಟ್ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ,
ಈಚಿನ ಸೂಪರ್ ಹೀರೋ ಸಿನಿಮಾ ನನಗೆ ಸೇರುವುದಿಲ್ಲ.
ಒಂದನ್ನೂ ಬಿಟ್ಟಿಲ್ಲ.

ಕ್ಯಾಪ್ಟನ್ ಉಲ್ಕೆ ಈಗ ಕೈಗಡಿಯಾರ ಒತ್ತುತ್ತಾನೆ,
ಬೆಲ್ಲದ ಪಾಕದ ಹಾಗೆ
ಅಂಗಿ ತಾನೇ ಮೈಮೇಲೆ ಹರಿದು ಬರುತ್ತದೆ.
ಹರಿದು ಬರುವ ಅಂಗಿ!
ಎಲ್ಲಿದೆ ಹೊಲಿಗೆ? ಅಳತೆ ತೆಗೆದವನು ಯಾರು?
ಕೈ ಎತ್ತಿ ಹಾರುವವನಿಗೆ ಬಗಲಲ್ಲಿ
ಎರಡು ಬೆರಳು ಸಡಿಲ ಬಿಡದಿದ್ದರೆ
ಮೊದಲ ಗುದ್ದಿಗೇ ಪರ್ರ್ ಅನ್ನುತ್ತೆ ಮಾರಾಯ.

ನಾನು ಕಂಡ ಉಲ್ಕೆ ಬೇರೆ.
ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಬಿದ್ದಾಗ
ರದ್ದಿ ಗಾಡಿಯಿಂದ ಎರಡು ರೂಪಾಯಿಗೆ ಕೊಂಡ
ರಟ್ಟಿಲ್ಲದ ಪುಸ್ತಕ.
ಪ್ಯಾಂಟಿನ ಮೇಲೆ ಚಡ್ಡಿ,
ಗೆರೆ ದಾಟಿ ಕೆನ್ನೆಗೂ ಮೆತ್ತಿದ ಕೆಂಪು.
ನಗುವವರು ನಗಲಿ.
ನಾಲ್ಕನೇ ಪುಟದಲ್ಲಿ ಅವನ ಮೊಣಕಾಲು ಹರಿದಿತ್ತು,
ಹನ್ನೊಂದರಲ್ಲಿ ಅದೇ ಜಾಗಕ್ಕೆ ತೇಪೆ.
ಚಿತ್ರ ಬರೆದವನು ಯಾರೋ,
ದರ್ಜಿಯ ಮಗನೇ ಇರಬೇಕು.
ಕೊನೆಯ ಹಾಳೆ ಇರಲಿಲ್ಲ. ಗೆದ್ದನೋ ಸೋತನೋ,
ಮೂವತ್ತು ವರ್ಷದಿಂದ ನಾನೇ ಮುಗಿಸುತ್ತಿದ್ದೇನೆ,
ಒಂದೊಂದು ಸಲ ಒಂದೊಂದು ಥರ.

ಈಗ ಮುಗಿಯುವುದೇ ಇಲ್ಲ ನೋಡಿ.
ಈ ಲೋಕದಲ್ಲಿ ಸತ್ತರೆ
ಪಕ್ಕದ ಲೋಕದಲ್ಲಿ ಸ್ಟಾಕ್ ಐತಿ.
ಉಲ್ಕೆಯ ತಾಯಿ ಸತ್ತಾಗ ಅತ್ತಿದ್ದೆ,
ಬಾಲ್ಕನಿಯಲ್ಲಿ, ನೂರಾ ಐವತ್ತು ಕೊಟ್ಟು.
ಮೊನ್ನೆ ಅದೇ ತಾಯಿ
ಬೇರೆ ಬಣ್ಣದ ಕೂದಲಿನಲ್ಲಿ ಬಾಗಿಲು ತೆರೆದಳು.
ಆ ಅಳುವಿನ ದುಡ್ಡು ವಾಪಸ್ಸು ಯಾರು ಕೊಡ್ತಾರೆ?

ನೂರುಲ್ಲಾ ಒಪ್ಪುವುದಿಲ್ಲ. ಕಾಜಾ ಹೊಲಿಯುತ್ತಲೇ,
'ಸೀರೀಸ್ ನೋಡು ಅಣ್ಣಾ, ತಾಮ್ರಾಕ್ಷಿ ನೋಡು.'
ನೋಡಿದೆ. ಎಂಟು ಕಂತು.
ಐದು ಕಂತು ಆಕೆ ಕಿಟಕಿ ಹತ್ತಿರ ನಿಂತು ಯೋಚಿಸುತ್ತಾಳೆ.
ಆರರಲ್ಲಿ ಕರೆಂಟು ಹೋದಂಥ ಕತ್ತಲು,
ಯಾರು ಯಾರಿಗೆ ಹೊಡೆದರೋ.
ಆದರೆ ಏಳನೆಯದರಲ್ಲಿ, ಒಪ್ಪಿಕೊಳ್ಳುತ್ತೇನೆ,
ಬಕೆಟ್ಟಿನಲ್ಲಿ ಅಂಗಿ ನೆನೆಹಾಕಿ
ರಕ್ತದ ಕಲೆ ಉಜ್ಜುತ್ತಾಳೆ ಎರಡು ನಿಮಿಷ.
ಮಾತಿಲ್ಲ, ಸಂಗೀತವಿಲ್ಲ.
ತಣ್ಣೀರೇ ಹಾಕಿದ್ದಳು!
ಬಿಸಿನೀರಾದರೆ ಕಲೆ ಕಚ್ಚುತ್ತದೆ,
ಬರೆದವರಿಗೆ ಗೊತ್ತಿತ್ತು.
ಆ ಎರಡು ನಿಮಿಷಕ್ಕೆ ಉಳಿದ ಆರು ತಾಸು ಮಾಫಿ.

ಡಿಸೆಂಬರಿನಲ್ಲಿ ಶಾಲೆಗಳ ವಾರ್ಷಿಕೋತ್ಸವ, ನನಗೆ ಸುಗ್ಗಿ.
ಹನ್ನೆರಡು ಉಲ್ಕೆ, ನಾಲ್ಕು ತಾಮ್ರಾಕ್ಷಿ, ಒಬ್ಬ ಖಳ
(ಅವನಪ್ಪ ಸ್ಯಾಟಿನ್ ಬೇಡ, ಲೈನಿಂಗ್ ಬಟ್ಟೆ ಸಾಕು ಅಂದ).
ಕೊಟ್ರಬಸಮ್ಮನ ಮಗಳು ಸಿಂಚನಾ, ಮೂರನೇ ಕ್ಲಾಸು,
ಸ್ಟೂಲಿನ ಮೇಲೆ ನಿಂತು
ಟೇಪು ಕೊರಳಿಗೆ ಬಂದಾಗ ಕೇಳಿತು:
'ಹಿಂದ್ಗಡಿಂದ ಯಾರಾರ ಕೇಪು ಜಗ್ಗಿದ್ರೆ?'

ಇಪ್ಪತ್ತೆರಡು ಸಿನಿಮಾ ನೋಡಿದವನು ನಾನು.
ಲೋಕ ಒಡೆದದ್ದು ಗೊತ್ತು,
ಕಾಲ ಹಿಂದಕ್ಕೆ ತಿರುಗಿದ್ದು ಗೊತ್ತು.
ಒಬ್ಬ ಖಳನಿಗೂ ಹೊಳೆದಿರಲಿಲ್ಲ ಇದು.
'ಯಾರು ಜಗ್ತಾರವ್ವಾ?'
ತಾಯಿ ರಸ್ತೆಯ ಕಡೆ ನೋಡಿದಳು.
ಕೂಸು ಟೇಪಿನ ಅಂಕಿ ಓದುತ್ತಿತ್ತು.

ಲಾಡಿ ಕಟ್ಟಲಿಲ್ಲ. ಹಳೇ ಡಬ್ಬಿಯಿಂದ
ಸಡಿಲಾದವೇ ಎರಡು ಟಿಚ್ ಬಟನ್ ಆರಿಸಿ ಕೊರಳಿಗೆ ಹಾಕಿದೆ.
ನೂರುಲ್ಲಾ ಜಗ್ಗಿ ನೋಡಿದ. ಟಪ್.
ಕೇಪು ಅವನ ಕೈಯಲ್ಲಿ,
ಸಿಂಚನಾ ಮಂಡಕ್ಕಿ ಅಂಗಡಿ ಮುಂದೆ.
'ಇನ್ನೊಮ್ಮೆ,' ಅಂತ ಬಂದಳು.
ಟಪ್. ಇನ್ನೊಮ್ಮೆ. ಟಪ್.
ಎಂಟನೆಯದಕ್ಕೆ ಬಟನ್ ಕಿತ್ತು
ಮಿಷನ್ನಿನ ಕೆಳಗೆ ಎಲ್ಲೋ ಉರುಳಿತು.

ನಾವಿಬ್ಬರೂ ಬಗ್ಗಿ ಹುಡುಕುವಾಗ
ನೂರುಲ್ಲಾ ಮೆಲ್ಲಗೆ ಅಂದ,
'ಶುಕ್ರವಾರ ಹೊಸದು ಬರ್ತೈತಿ ಅಣ್ಣಾ, ಉಲ್ಕೆ ಐದು.'
ಕೆಟ್ಟದಿರುತ್ತೆ, ಅಂದೆ.
ಎರಡು ಟಿಕೆಟ್ ತಗೋ.